ಲೀಡ್ಸ್‌ನಲ್ಲಿ ಐದು ದಿನ: ಸುತ್ತಾಟ ಮಾರ್ಕೆಟ್ಟಿನಿಂದ ಶುರುವಾಗಲಿ

ಪ್ರಶ್ನೆ: ಮಗನಿಗೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲಸ ಸಿಕ್ಕಿದೆ. ಸೆಪ್ಟೆಂಬರ್‌ನಲ್ಲಿ ನಾನು, ನಮ್ಮ ಯಜಮಾನರು, 72 ವರ್ಷದ ಅತ್ತೆ ಮೂವರೂ ಅಲ್ಲಿಗೆ ಬರುತ್ತಿದ್ದೇವೆ. ಐದು ದಿನ ಇರುತ್ತೇವೆ. ಮಗನಿಗೆ ಹಗಲು ಆಫೀಸು, ಹಾಗಾಗಿ ನಾವೇ ಸುತ್ತಾಡಬೇಕು. ಲೀಡ್ಸ್‌ನಲ್ಲಿ ನೋಡುವಂಥದ್ದು ಏನಿದೆ? ಯಾರನ್ನು ಕೇಳಿದರೂ ಯಾರ್ಕ್‌ಗೆ ಹೋಗಿ, ಮ್ಯಾಂಚೆಸ್ಟರ್‌ಗೆ ಹೋಗಿ ಅನ್ನುತ್ತಾರೆ. ನನಗೆ ಬಟ್ಟೆ ಅಂಗಡಿ ಅಂದರೆ ಪ್ರಾಣ. ಯಜಮಾನರಿಗೆ ಮ್ಯೂಸಿಯಂ, ಕ್ರಿಕೆಟ್ಟು. ಅತ್ತೆಗೆ ಜಾಸ್ತಿ ನಡೆಯೋಕಾಗಲ್ಲ. ಮೂವರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಕೊಂಡ ಬಟ್ಟೆಗೆ ಏರ್‌ಪೋರ್ಟಿನಲ್ಲಿ ಟ್ಯಾಕ್ಸ್ ವಾಪಸ್ ಕೊಡುತ್ತಾರಂತೆ, ನಿಜವಾ?
(ಓದುಗರೊಬ್ಬರು, ಮೈಸೂರು)

ಉತ್ತರ: ಟ್ಯಾಕ್ಸ್ ವಿಷಯ ಮೊದಲು ಮುಗಿಸಿಬಿಡೋಣ. ಇಲ್ಲ, ವಾಪಸ್ ಸಿಗುವುದಿಲ್ಲ. ಹಿಂದೆ ಸಿಗುತ್ತಿತ್ತು. ಹೊರದೇಶದವರು ಇಲ್ಲಿ ಕೊಂಡ ಸಾಮಾನಿನ ಮೇಲಿನ ಶೇಕಡ 20ರ ವ್ಯಾಟ್ ಅನ್ನು ವಿಮಾನ ಹತ್ತುವ ಮುಂಚೆ ಹಿಂದಕ್ಕೆ ಕೇಳಬಹುದಿತ್ತು. 2021ರ ಜನವರಿ 1ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೂರರಲ್ಲೂ ಅದನ್ನು ನಿಲ್ಲಿಸಿದ್ದಾರೆ. ಫ್ರಾನ್ಸ್, ಇಟಲಿಯಲ್ಲಿ ಇನ್ನೂ ಇದೆ. ಅಲ್ಲಿಗೆ ಹೋಗಿ ಬಂದವರು ಯಾರೋ ನಿಮಗೆ ಹೇಳಿರಬೇಕು. ಅಂಗಡಿಯವರೇ ಸಾಮಾನನ್ನು ನೇರವಾಗಿ ಇಂಡಿಯಾಕ್ಕೆ ಕಳಿಸಿದರೆ ವ್ಯಾಟ್ ಬಿಡಬಹುದು. ಆದರೆ ಸಾಗಣೆ ಖರ್ಚು, ಕಸ್ಟಮ್ಸ್ ಸುಂಕ ಎಲ್ಲ ಲೆಕ್ಕ ಹಾಕಿದರೆ ಉಳಿಯುವುದು ಅಷ್ಟಕ್ಕಷ್ಟೇ. ಒಂದು ಸಮಾಧಾನ ಇದೆ. ಮಕ್ಕಳ ಬಟ್ಟೆಗೂ ಪುಸ್ತಕಕ್ಕೂ ಇಲ್ಲಿ ಮೊದಲಿಂದಲೇ ವ್ಯಾಟ್ ಇಲ್ಲ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಅವರಿಗೇ ಜಾಸ್ತಿ ಕೊಳ್ಳಿ.

ಈಗ ಲೀಡ್ಸ್. ಯಾರ್ಕ್‌ಗೆ ಹೋಗಿ ಅನ್ನುವವರ ತಪ್ಪೇನಿಲ್ಲ. ಯಾರ್ಕ್ ಫೋಟೋಗೆ ಚೆನ್ನ. ಕೋಟೆ ಗೋಡೆ, ದೊಡ್ಡ ಚರ್ಚು, ವಾಲಿಕೊಂಡ ಹಳೇ ಮನೆಗಳು ಎಲ್ಲ ಒಂದೇ ಕಡೆ ಸಿಗುತ್ತವೆ. ಲೀಡ್ಸ್‌ನಲ್ಲಿ ಅಂಥ ಒಂದು ದೊಡ್ಡ ‘ನೋಡುವ ಜಾಗ’ ಇಲ್ಲ. ಇದು ಬಟ್ಟೆ ನೇಯ್ದು, ಬಟ್ಟೆ ಮಾರಿ ದೊಡ್ಡದಾದ ಊರು. ಇಲ್ಲಿನ ಚೆಂದದ ಕಟ್ಟಡಗಳಲ್ಲಿ ಮುಕ್ಕಾಲು ಪಾಲು ಏನನ್ನೋ ಮಾರುವುದಕ್ಕೆ ಅಂತಲೇ ಕಟ್ಟಿದವು. ಅದಕ್ಕೇ ಇಲ್ಲಿ ‘ಬೆಳಿಗ್ಗೆ ಮ್ಯೂಸಿಯಂ, ಮಧ್ಯಾಹ್ನ ಶಾಪಿಂಗ್’ ಅಂತ ಬೇರೆ ಬೇರೆ ಮಾಡಿಕೊಳ್ಳಬೇಡಿ. ಅಂಗಡಿ ಸುತ್ತುವುದೇ ಊರು ನೋಡುವುದು. ಬಟ್ಟೆ ಅಂಗಡಿ ಅಂದರೆ ಪ್ರಾಣ ಅಂದಿರಲ್ಲ, ನಿಮಗೆ ಹೇಳಿ ಮಾಡಿಸಿದ ಊರು ಇದು.

ಊರಿನ ನಡುಭಾಗ ಚಿಕ್ಕದು. ರೈಲ್ವೆ ಸ್ಟೇಷನ್ನಿನಿಂದ ಮಾರ್ಕೆಟ್ಟಿಗೆ ನಿಧಾನವಾಗಿ ನಡೆದರೂ ಕಾಲು ಗಂಟೆ. ಬ್ರಿಗೇಟ್ ಎಂಬ ಮುಖ್ಯ ಬೀದಿಯಲ್ಲಿ ವಾಹನ ಓಡಾಟವಿಲ್ಲ, ಕೂರುವುದಕ್ಕೆ ಅಲ್ಲಲ್ಲಿ ಬೆಂಚುಗಳಿವೆ. ಅತ್ತೆಯವರನ್ನು ಮನೆಯಲ್ಲೇ ಬಿಟ್ಟು ಬರುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅವರೂ ಬರಲಿ.

ಮೊದಲ ಬೆಳಿಗ್ಗೆ ಕರ್ಕ್‌ಗೇಟ್ ಮಾರ್ಕೆಟ್ಟಿಗೆ ಹೋಗಿ. ನಿಮ್ಮ ದೇವರಾಜ ಮಾರ್ಕೆಟ್ಟಿಗೆ ಕಬ್ಬಿಣದ ಕಂಬ, ಗಾಜಿನ ಗುಮ್ಮಟ ಹಾಕಿ ನಾಲ್ಕು ಪಟ್ಟು ಹಿಗ್ಗಿಸಿದ ಹಾಗಿದೆ ಅಂದುಕೊಳ್ಳಿ. ವಿಕರ್ ಲೇನ್ ಎಂಬ ಬೀದಿಯ ಕಡೆಯ ಬಾಗಿಲಿನಿಂದಲೇ ಒಳಗೆ ಹೋಗಬೇಕು. ಆ ಭಾಗ 1904ರದ್ದು. 1975ರ ಡಿಸೆಂಬರ್‌ನಲ್ಲಿ ಬೆಂಕಿ ಬಿದ್ದು ಮಾರ್ಕೆಟ್ಟಿನ ಬಹುಭಾಗ ಸುಟ್ಟುಹೋದಾಗಲೂ ಇದು ಉಳಿದುಕೊಂಡಿತು. ಒಳಗೆ ಹೋದವರೆಲ್ಲ ತಲೆ ಬಗ್ಗಿಸಿಕೊಂಡು ಹಣ್ಣು ತರಕಾರಿ ನೋಡುತ್ತಾ ನಡೆದುಬಿಡುತ್ತಾರೆ. ನೀವು ಎರಡು ನಿಮಿಷ ನಿಂತು ತಲೆ ಎತ್ತಿ ನೋಡಿ. ಮೇಲೆ ಸುತ್ತಲೂ ಉಪ್ಪರಿಗೆ ಇದೆ. ಅದನ್ನು ಹೊತ್ತು ನಿಂತಿರುವುದು ಎರಕದ ಕಬ್ಬಿಣದ ಡ್ರ್ಯಾಗನ್‌ಗಳು. ಒಂದೊಂದೂ ರೆಕ್ಕೆ ಮಡಚಿ, ಎದೆ ಮುಂದೆ ಮಾಡಿ, ಕೆಂಪು ಬಣ್ಣ ಬಳಿಸಿಕೊಂಡು ಕೂತಿದೆ. ಅದರ ಕೆಳಗೆ ಬಟನ್ನು, ಲೇಸು, ಉಲ್ಲನ್ ದಾರ, ಮೀಟರ್ ಲೆಕ್ಕದಲ್ಲಿ ಬಟ್ಟೆ ಮಾರುವ ಅಂಗಡಿಗಳು. ಹೊಲಿಗೆ ಗೊತ್ತಿದ್ದರೆ ನೀವು ಇಲ್ಲಿಂದ ಬೇಗ ಹೊರಡುವುದಿಲ್ಲ ಬಿಡಿ. ಮಾಂಸ, ಮೀನಿನ ಅಂಗಡಿಗಳಿಗೆ ಬೇರೆಯೇ ಸಾಲುಗಳಿವೆ, ಮೇಲೆ ಬೋರ್ಡ್ ಹಾಕಿರುತ್ತಾರೆ. ಅತ್ತೆಗೆ ವಾಸನೆ ಆಗದಿದ್ದರೆ ಆ ಸಾಲುಗಳನ್ನು ಬಿಟ್ಟು ಬಳಸಿಕೊಂಡು ಹೋಗಿ.

ಇದೇ ಮಾರ್ಕೆಟ್ಟಿನಲ್ಲಿ ಮಾರ್ಕ್ಸ್ ಅಂಡ್ ಸ್ಪೆನ್ಸರ್ (ಎಂ ಅಂಡ್ ಎಸ್) ಎಂಬ ಅಂಗಡಿ ಕಂಪನಿ ಹುಟ್ಟಿದ್ದು. ಈಗಿನ ಬೆಲಾರೂಸ್ ಕಡೆಯಿಂದ ಬಂದ ಮೈಕೆಲ್ ಮಾರ್ಕ್ಸ್ ಎಂಬ ಯಹೂದಿ ಹುಡುಗನಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಐದು ಪೌಂಡ್ ಸಾಲದಿಂದ ವ್ಯಾಪಾರ ಶುರು ಮಾಡಿ, 1884ರಲ್ಲಿ ಇಲ್ಲಿನ ಬಯಲು ಮಾರ್ಕೆಟ್ಟಿನಲ್ಲಿ ಅಂಗಡಿ ಇಟ್ಟ. ಬೆಲೆ ಕೇಳಬೇಡಿ, ಎಲ್ಲವೂ ಒಂದು ಪೆನ್ನಿ ಅಂತ ಬೋರ್ಡ್ ಹಾಕಿದ. ಭಾಷೆ ಬರದವನಿಗೆ ಚೌಕಾಸಿ ಕಷ್ಟ ಅಲ್ವಾ? ಬೋರ್ಡೇ ಮಾತಾಡಿತು. ಹತ್ತು ವರ್ಷದ ಮೇಲೆ, 1894ರಲ್ಲಿ, ಥಾಮಸ್ ಸ್ಪೆನ್ಸರ್ 300 ಪೌಂಡ್ ಹಾಕಿ ಅರ್ಧ ಪಾಲುದಾರನಾದ. ಅದರ ನೆನಪಿಗೆ ಮಾರ್ಕೆಟ್ಟಿನೊಳಗೆ ಈಗಲೂ ಆ ಕಂಪನಿಯ ಒಂದು ಪುಟ್ಟ ಮಳಿಗೆ ಇದೆ. ಅಲ್ಲಿ ಕೊಳ್ಳುವಂಥದ್ದು ಹೆಚ್ಚೇನಿಲ್ಲ, ಸುಮ್ನೆ ನೋಡಿಕೊಂಡು ಬನ್ನಿ.

ಮಾರ್ಕೆಟ್ಟಿನಿಂದ ಎರಡು ಹೆಜ್ಜೆಗೆ ಕಾರ್ನ್ ಎಕ್ಸ್‌ಚೇಂಜ್. ಕತ್ಬರ್ಟ್ ಬ್ರಾಡ್ರಿಕ್ ಎಂಬ ವಾಸ್ತುಶಿಲ್ಪಿ ಕಟ್ಟಿದ ಮೊಟ್ಟೆಯಾಕಾರದ ಕಟ್ಟಡ, 1863ರದ್ದು. ಗೋಧಿ, ಬಾರ್ಲಿ ವ್ಯಾಪಾರ ಇಲ್ಲಿ ನಡೆಯುತ್ತಿತ್ತು. ಕಾಳಿನ ಗುಣ ಬೆಲೆ ಕಟ್ಟುವವರ ಕಣ್ಣಿಗೆ ಸರಿಯಾಗಿ ಕಾಣಬೇಕು. ನೇರ ಬಿಸಿಲು ಬಿದ್ದರೆ ಬಣ್ಣ ಮೋಸ ಮಾಡುತ್ತದೆ. ಅದಕ್ಕೇ ಗುಮ್ಮಟದ ದೊಡ್ಡ ಗಾಜನ್ನು ಉತ್ತರ ದಿಕ್ಕಿಗೆ ಇಟ್ಟಿದ್ದಾರೆ. ಈಗ ಒಳಗೆ ಸಣ್ಣ ಸಣ್ಣ ಸ್ವಂತ ಅಂಗಡಿಗಳಿವೆ. ಆಭರಣ, ಹಳೇ ಕಾಲದ ಬಟ್ಟೆ, ಪೋಸ್ಟರು, ಕಾಫಿ. ಯಜಮಾನರನ್ನು ಕೆಳಗೆ ಕಾಫಿ ಕೊಡಿಸಿ ಕೂರಿಸಿ, ನೀವು ಮೇಲಿನ ಸುತ್ತು ಮುಗಿಸಿ ಬನ್ನಿ. ಸೀರೆ, ಬಟ್ಟೆಯ ನಿಜವಾದ ಬಣ್ಣ ನೋಡಬೇಕು ಅಂದರೆ ಊರಿನಲ್ಲಿ ಇದಕ್ಕಿಂತ ಒಳ್ಳೆ ಬೆಳಕು ಇನ್ನೆಲ್ಲೂ ಇಲ್ಲ.

ಇನ್ನು ಬ್ರಿಗೇಟ್ ಮತ್ತು ಅದರ ಆರ್ಕೇಡ್‌ಗಳು. ಆರ್ಕೇಡ್ ಅಂದರೆ ಮೇಲೆ ಗಾಜಿನ ಚಾವಣಿ, ಎರಡೂ ಕಡೆ ಅಂಗಡಿ ಇರುವ ಓಣಿ. ಲೀಡ್ಸ್‌ನಲ್ಲಿ ಇವೇ ನೋಡಬೇಕಾದವು ಅಂತ ನನ್ನ ಖಚಿತ ಅಭಿಪ್ರಾಯ. ಇವು ಯಾಕೆ ಇಷ್ಟು ಕಿರಿದು, ಇಷ್ಟು ಉದ್ದ? 1207ರಲ್ಲಿ ಇಲ್ಲಿನ ಜಮೀನಿನ ಒಡೆಯ ಬ್ರಿಗೇಟಿನ ಎರಡೂ ಬದಿಯಲ್ಲಿ ನಿವೇಶನ ಹಂಚಿದ. ಬೀದಿಗೆ ಮುಖ ಕಿರಿದು, ಹಿಂದಕ್ಕೆ ಉದ್ದ. ಅದೇ ಹಿತ್ತಿಲುಗಳು ಮುಂದೆ ಛತ್ರದ ಅಂಗಳಗಳಾದವು. ವಿಕ್ಟೋರಿಯಾ ರಾಣಿಯ ಕಾಲಕ್ಕೆ ಅದೇ ಅಂಗಳಗಳ ಮೇಲೆ ಗಾಜು ಮುಚ್ಚಿ ಅಂಗಡಿ ಓಣಿ ಮಾಡಿದರು. ಅಂದರೆ ನೀವು ಈಗ ಕೈಚೀಲ ನೋಡುತ್ತಾ ನಡೆಯುವ ದಾರಿಯ ಅಳತೆ ಎಂಟುನೂರು ವರ್ಷ ಹಳೆಯದು. ಮೊದಲು ಬಂದದ್ದು 1878ರ ಥಾರ್ನ್‌ಟನ್ಸ್ ಆರ್ಕೇಡ್. ಅದರ ಕೊನೆಯಲ್ಲಿ ಒಂದು ಗಡಿಯಾರ ಇದೆ. ರಾಬಿನ್ ಹುಡ್, ರಾಜ ರಿಚರ್ಡ್, ಇನ್ನಿಬ್ಬರು ಸೇರಿ ಆಳೆತ್ತರದ ನಾಲ್ಕು ಮರದ ಬೊಂಬೆಗಳು ಗಂಟೆ ಸುತ್ತ ನಿಂತಿವೆ.

ಅದರ ಎದುರು ಬದಿಗೆ ಬಂದರೆ ವಿಕ್ಟೋರಿಯಾ ಕ್ವಾರ್ಟರ್. ಇದರೊಳಗಿನ ಕೌಂಟಿ ಆರ್ಕೇಡ್ ಕಟ್ಟಿದ್ದು ಫ್ರಾಂಕ್ ಮ್ಯಾಚಮ್. ಲಂಡನ್ನಿನ ಪ್ಯಾಲೇಡಿಯಂ, ಕೊಲಿಸಿಯಂ ಥಿಯೇಟರ್ ಕಟ್ಟಿದ ಆಸಾಮಿ. ನಾಟಕಶಾಲೆ ಕಟ್ಟಿ ಅಭ್ಯಾಸವಾದವನ ಕೈಗೆ ಅಂಗಡಿ ಸಾಲು ಕೊಟ್ಟರೆ ಏನಾಗಬೇಕೋ ಅದೇ ಆಗಿದೆ. ಗುಲಾಬಿ ಬಣ್ಣದ ಅಮೃತಶಿಲೆ ಕಂಬ, ಚಿನ್ನದ ಬಣ್ಣದ ಮೊಸಾಯಿಕ್, ಗುಮ್ಮಟದ ಮೂಲೆಗಳಲ್ಲಿ ವ್ಯಾಪಾರ, ದುಡಿಮೆ, ಕಲೆ ಇವುಗಳನ್ನು ಮನುಷ್ಯರೂಪದಲ್ಲಿ ತೋರಿಸುವ ಚಿತ್ರಗಳು. ಪಕ್ಕದ ಕ್ವೀನ್ ವಿಕ್ಟೋರಿಯಾ ಸ್ಟ್ರೀಟ್ ಹಿಂದೆ ಬಯಲು ರಸ್ತೆ. 1990ರಲ್ಲಿ ಅದರ ಮೇಲೆ ಬ್ರಯನ್ ಕ್ಲಾರ್ಕ್ ಎಂಬ ಕಲಾವಿದ ನೂರು ಮೀಟರಿಗೂ ಉದ್ದದ ಬಣ್ಣದ ಗಾಜಿನ ಚಾವಣಿ ಹಾಸಿದ. ಬಿಸಿಲಿದ್ದಾಗ ಹೋಗಿ. ನೆಲದ ಮೇಲೆ, ಜನರ ಕೋಟಿನ ಮೇಲೆ ನೀಲಿ, ಕೆಂಪು ಬಣ್ಣ ಹರಿದಾಡುತ್ತದೆ. ಇಲ್ಲಿನ ಅಂಗಡಿಗಳೆಲ್ಲ ಭಾರೀ ದುಬಾರಿ. ಲೂಯಿ ವಿಟಾನ್, ಹಾರ್ವಿ ನಿಕೋಲ್ಸ್ ಇತ್ಯಾದಿ. ನೋಡುವುದಕ್ಕೆ ದುಡ್ಡಿಲ್ಲ, ಒಳಗೆ ಹೋದರೆ ಯಾರೂ ತಡೆಯುವುದೂ ಇಲ್ಲ.

ಕೊಳ್ಳುವುದು ಎಲ್ಲಿ ಹಾಗಾದರೆ? ಎಂ ಅಂಡ್ ಎಸ್, ಎಚ್ ಅಂಡ್ ಎಂ, ಝಾರಾ ಇವೆಲ್ಲ ಬೆಂಗಳೂರಿನಲ್ಲೇ ಇವೆ. ಲೇಬಲ್ ತಿರುಗಿಸಿ ನೋಡಿದರೆ ಎಷ್ಟೋ ಬಟ್ಟೆ ಇಂಡಿಯಾದಲ್ಲೋ ಬಾಂಗ್ಲಾದಲ್ಲೋ ಹೊಲಿದದ್ದು. ಅದನ್ನು ಇಲ್ಲಿಂದ ಹೊತ್ತುಕೊಂಡು ಹೋಗುವುದರಲ್ಲಿ ಅರ್ಥವಿಲ್ಲ. ಲೀಡ್ಸ್ ಇರುವ ಈ ಯಾರ್ಕ್‌ಶೈರ್ ಸೀಮೆಯಲ್ಲಿ ಕೊಳ್ಳಬೇಕಾದ್ದು ಉಣ್ಣೆ. ಹಡರ್ಸ್‌ಫೀಲ್ಡ್ ಸೂಟಿಂಗ್ ಬಟ್ಟೆ, ಗೈಸ್ಲಿಯ ಏಬ್ರಹಾಂ ಮೂನ್ ಗಿರಣಿಯ ಟ್ವೀಡ್. ಆ ಗಿರಣಿ 1837ರಿಂದ ನಡೆಯುತ್ತಿದೆ. ಒಂದು ಒಳ್ಳೆ ಉಣ್ಣೆ ಶಾಲು ಅತ್ತೆಗೆ, ಒಂದು ಸೂಟ್ ಪೀಸ್ ಯಜಮಾನರಿಗೆ. ಬಟ್ಟೆಯ ಅಂಚಿನಲ್ಲಿ ಗಿರಣಿಯ ಹೆಸರು ನೇಯ್ದಿರುತ್ತದೆ, ಅದನ್ನು ನೋಡಿಯೇ ಕೊಳ್ಳಿ. ಮೈಸೂರಿನಲ್ಲಿ ಒಳ್ಳೆ ಟೈಲರ್ ಕೈಯಲ್ಲಿ ಹೊಲಿಸಿದರೆ ಇಲ್ಲಿನ ರೆಡಿಮೇಡಿಗಿಂತ ಎಷ್ಟೋ ಮೇಲು. ಇನ್ನೊಂದು ಗುಟ್ಟು, ಚಾರಿಟಿ ಶಾಪ್‌ಗಳು. ಆಕ್ಸ್‌ಫ್ಯಾಮ್‌ನಂಥ ಸಂಸ್ಥೆಗಳು ಜನ ದಾನ ಕೊಟ್ಟ ಸಾಮಾನನ್ನು ಮಾರುವ ಅಂಗಡಿಗಳು. ಹೆಡಿಂಗ್ಲಿ, ಚಾಪೆಲ್ ಆಲರ್ಟನ್ ಬಡಾವಣೆಗಳಲ್ಲಿ ಇವು ಸಾಲಾಗಿವೆ. ಯಾರೋ ಹಾಕಿ ಬಿಟ್ಟದ್ದು ಅಂತ ಮೂಗು ಮುರಿಯಬೇಡಿ. ಪಿಂಗಾಣಿ ಟೀ ಸೆಟ್ಟು, ಪುಸ್ತಕ ಇವುಗಳಿಗೆ ಅಲ್ಲಿಗಿಂತ ಒಳ್ಳೆ ಜಾಗ ಇಲ್ಲ. ಬಟ್ಟೆಯ ಚೀಲ ಒಂದೆರಡು ಜೊತೆಗಿರಲಿ. ಕ್ಯಾರಿ ಬ್ಯಾಗಿಗೆ ಕನಿಷ್ಠ 10 ಪೆನ್ಸ್ ಕೊಡಬೇಕು.

ಈಗ ಊಟ. ನಿಮಗೆ ಇದರದ್ದೇ ದೊಡ್ಡ ಚಿಂತೆ ಇರಬೇಕು, ಆದರೆ ಲಂಡನ್ ಬಿಟ್ಟರೆ ಸಸ್ಯಾಹಾರಿಗಳಿಗೆ ಲೀಡ್ಸ್‌ನಷ್ಟು ಸಲೀಸಾದ ಊರು ಕಡಿಮೆ. ಮೊದಲು ಎರಡು ಎಚ್ಚರಿಕೆ. ಒಂದು, ಇಲ್ಲಿ ‘ವೆಜಿಟೇರಿಯನ್’ ಅಂದರೂ ಅದರಲ್ಲಿ ಮೊಟ್ಟೆ ಇರಬಹುದು. ಹಾಗಾಗಿ ಹೋಟೆಲಿನಲ್ಲಿ ‘ವೀಗನ್’ ಅಂತ ಕೇಳಿ. ಅದರಲ್ಲಿ ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ. ಬೇಕಾದರೆ ಮೇಲೆ ಬೆಣ್ಣೆ ಕೇಳಿ ಹಾಕಿಸಿಕೊಳ್ಳಬಹುದು. ಯಾವ ತಿಂಡಿಯಲ್ಲಿ ಮೊಟ್ಟೆ ಇದೆ ಅಂತ ಕೇಳಿದರೆ ಹೋಟೆಲಿನವರು ಹೇಳಲೇಬೇಕು, ಅಲರ್ಜಿ ಕಾನೂನು ಹಾಗಿದೆ. ಕೇಳುವುದಕ್ಕೆ ಸಂಕೋಚ ಬೇಡ.

ಎರಡನೆಯದು ಹೊರಗಿನವರಿಗೆ ಗೊತ್ತಾಗುವುದೇ ಇಲ್ಲ. ಫಿಶ್ ಅಂಡ್ ಚಿಪ್ಸ್ ಅಂಗಡಿಯಲ್ಲಿ ‘ನಮಗೆ ಬರೀ ಚಿಪ್ಸ್ ಸಾಕು, ಆಲೂಗಡ್ಡೆ ತಾನೇ’ ಅಂತ ತೆಗೆದುಕೊಳ್ಳಬೇಡಿ. ಯಾರ್ಕ್‌ಶೈರ್‌ನಲ್ಲಿ ಚಿಪ್ಸ್ ಕರಿಯುವ ಹಳೇ ಪದ್ಧತಿ ದನದ ಕೊಬ್ಬಿನಲ್ಲಿ. ಇಲ್ಲಿನವರಿಗೆ ಆ ರುಚಿಯೇ ಹೆಮ್ಮೆ. ಎಣ್ಣೆಯಲ್ಲಿ ಕರಿಯುವ ಅಂಗಡಿಗಳೂ ಇವೆ. ಕೇಳಿ ತೆಗೆದುಕೊಳ್ಳಿ. ಯಾರ್ಕ್‌ಶೈರ್ ಪುಡ್ಡಿಂಗ್ ಅಂತ ಮೆನುವಿನಲ್ಲಿ ಕಂಡರೆ ಅದು ಸಿಹಿಯಲ್ಲ. ಹಿಟ್ಟು, ಮೊಟ್ಟೆ, ಹಾಲು ಸೇರಿಸಿ ಕಾದ ಕೊಬ್ಬಿಗೆ ಹುಯ್ದು ಉಬ್ಬಿಸಿದ್ದು, ಮಾಂಸದ ಊಟದ ಜೊತೆಯದ್ದು. ನಿಮಗೆ ಆಗದು.

ಎಲ್ಲಿ ತಿನ್ನಬೇಕು ಅಂದರೆ ಸ್ಟೇಷನ್ ಪಕ್ಕದ ಮಿಲ್ ಹಿಲ್ ಎಂಬ ಪುಟ್ಟ ಬೀದಿಗೆ ಹೋಗಿ. ಅಲ್ಲಿ ಎರಡು ಹೋಟೆಲುಗಳಿವೆ, ಎರಡೂ 2014ರಲ್ಲಿ ಶುರುವಾದವು. ಬುಂಡೋಬಸ್ಟ್ ಪೂರ್ತಿ ಸಸ್ಯಾಹಾರಿ. ಗುಜರಾತಿ ಬೀದಿ ತಿಂಡಿ, ವಡಾ ಪಾವ್, ಭೇಲ್, ಬೆಂಡೆಕಾಯಿ ಸೀಳಿ ಗರಿಗರಿಯಾಗಿ ಕರಿದದ್ದು. ಬಿಯರಿನ ಜೊತೆ ಚಾಟ್ ಮಾರಿದರೆ ನಡೆಯುತ್ತಾ ಅಂದವರೆಲ್ಲ ಈಗ ಅಲ್ಲಿ ಸರದಿ ಕಾಯುತ್ತಾರೆ. ಉದ್ದನೆಯ ಮೇಜಿನಲ್ಲಿ ಬೇರೆಯವರ ಜೊತೆ ಕೂರಬೇಕು, ಗದ್ದಲ ಜಾಸ್ತಿ. ಮಧ್ಯಾಹ್ನ ಹೋದರೆ ಅತ್ತೆಗೆ ಅನುಕೂಲ. ಅದೇ ಬೀದಿಯ ತರವಾಡು ಕೇರಳದ ಹೋಟೆಲು. ಮಸಾಲೆ ದೋಸೆ ಸಿಗುತ್ತದೆ. ಮೈಸೂರಿನಿಂದ ಬಂದವರ ಮುಂದೆ ಲೀಡ್ಸ್ ದೋಸೆಯನ್ನು ಹೊಗಳುವ ಧೈರ್ಯ ನನಗಿಲ್ಲ. ಆದರೆ ಮೂರು ದಿನ ಬ್ರೆಡ್ಡು ತಿಂದ ಮೇಲೆ ಸಾಂಬಾರಿನ ವಾಸನೆ ಮೂಗಿಗೆ ಬಿದ್ದಾಗ ನೀವೇ ಹೇಳುವಿರಿ. ಅಲ್ಲಿ ಮೀನು, ಮಾಂಸವೂ ಮಾಡುತ್ತಾರೆ ಅನ್ನುವುದು ನೆನಪಿರಲಿ. ಶುಕ್ರವಾರ, ಶನಿವಾರ ರಾತ್ರಿ ಬುಕ್ ಮಾಡದೆ ಹೋಗಬೇಡಿ. ಇನ್ನೂ ವಿಶೇಷ ಊಟ ಬೇಕೆಂದರೆ ಊರ ಹೊರಗೆ ಡ್ರಿಗ್ಲಿಂಗ್ಟನ್‌ನಲ್ಲಿ ಪ್ರಶಾದ್ ಇದೆ. ಬ್ರಾಡ್‌ಫರ್ಡ್‌ನಲ್ಲಿ ಸಣ್ಣ ಅಂಗಡಿಯಾಗಿ ಶುರುವಾಗಿ ದೇಶಕ್ಕೆಲ್ಲ ಹೆಸರಾದ ಗುಜರಾತಿ ಕುಟುಂಬದ ಹೋಟೆಲು, ಅದೂ ಪೂರ್ತಿ ಸಸ್ಯಾಹಾರಿ. ಮಗ ಒಂದು ಸಂಜೆ ಕಾರಿನಲ್ಲೋ ಟ್ಯಾಕ್ಸಿಯಲ್ಲೋ ಕರೆದುಕೊಂಡು ಹೋಗಲಿ. ಎಷ್ಟೆಂದರೂ ಅವನೂ ಸ್ವಲ್ಪ ಖರ್ಚು ಮಾಡಬೇಕಲ್ಲ.

ರಾತ್ರಿ ಊಟ ಬೇಗ ಮುಗಿಸಿ. ಒಂಬತ್ತರ ಮೇಲೆ ಎಷ್ಟೋ ಕಡೆ ಒಲೆ ಆರಿಸಿಬಿಡುತ್ತಾರೆ. ನೀರು ಕೇಳುವಾಗ ‘ಟ್ಯಾಪ್ ವಾಟರ್’ ಅನ್ನಿ, ಅದು ಪುಕ್ಕಟೆ. ಬರೀ ವಾಟರ್ ಅಂದರೆ ಬಾಟಲಿ ತಂದು ಬಿಲ್ಲಿಗೆ ಸೇರಿಸಬಹುದು. ವೆನ್ಸ್ಲಿಡೇಲ್ ಎಂಬ ಇಲ್ಲಿನ ಚೀಸನ್ನು ಹಣ್ಣಿನ ಕೇಕಿನ ಜೊತೆ ತಿನ್ನುತ್ತಾರೆ. ಕೇಕು ನಿಮಗೆ ಬೇಡ, ಚೀಸನ್ನು ಮಾತ್ರ ರುಚಿ ನೋಡಿ. ಲೇಬಲ್ಲಿನಲ್ಲಿ ಸಸ್ಯಾಹಾರಿಗಳಿಗೆ ಸರಿ ಅಂತ ಬರೆದಿದೆಯಾ ನೋಡಿಕೊಳ್ಳಿ. ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಮಾಡಿದ ಚೀಸೂ ಇರುತ್ತದೆ.

ಯಜಮಾನರ ಸರದಿಗೆ ಬರೋಣ. ರಾಯಲ್ ಆರ್ಮರೀಸ್‌ಗೆ ಅರ್ಧ ದಿನ ಕೊಡಿ. ದೇಶದ ಆಯುಧ ಸಂಗ್ರಹಾಲಯ ಇದು, 1996ರಲ್ಲಿ ಲೀಡ್ಸ್‌ನಲ್ಲಿ ತೆರೆದದ್ದು. ಟಿಕೆಟ್ ಇಲ್ಲ. ಲಿಫ್ಟ್ ಇದೆ, ಅತ್ತೆಗೆ ವೀಲ್‌ಚೇರ್ ಬೇಕಿದ್ದರೆ ಬಾಗಿಲಲ್ಲೇ ಕೇಳಿ. ಎಂಟನೇ ಹೆನ್ರಿಯ ಕವಚ, ಅವನಿಗೆ ಉಡುಗೊರೆ ಬಂದ ಟಗರಿನ ಕೊಂಬಿನ ವಿಚಿತ್ರ ಶಿರಸ್ತ್ರಾಣ ಎಲ್ಲ ಇವೆ. ಆದರೆ ನೀವು ಹುಡುಕಿಕೊಂಡು ಹೋಗಬೇಕಾದ್ದು ಏಷ್ಯಾ ವಿಭಾಗದ ಆನೆಯನ್ನು. ಪೂರ್ತಿ ಗಾತ್ರದ ಆನೆಯ ಬೊಂಬೆಗೆ ಯುದ್ಧದ ಉಕ್ಕಿನ ಕವಚ ತೊಡಿಸಿದ್ದಾರೆ. 1600ರ ಆಸುಪಾಸಿನದು, ಮೊಗಲರ ಕಾಲದ ಕೆಲಸ. ಹತ್ತಿರ ಹೋಗಿ ನೋಡಿ. ಬೆರಳುದ್ದದ ಸಣ್ಣ ಸಣ್ಣ ತಗಡುಗಳನ್ನು ಕಬ್ಬಿಣದ ಉಂಗುರಗಳಿಂದ ಒಂದಕ್ಕೊಂದು ಹೆಣೆದಿದ್ದಾರೆ. ನಡುನಡುವೆ ದೊಡ್ಡ ಚೌಕ ತಗಡುಗಳಲ್ಲಿ ಆನೆ, ಕಮಲ, ಹಕ್ಕಿ, ಮೀನು ಉಬ್ಬಿ ನಿಂತಿವೆ. ಎಂಟು ಭಾಗಗಳಲ್ಲಿ ಆರು ಉಳಿದಿವೆ. ಉಳಿದದ್ದರಲ್ಲೇ 5,840 ತಗಡು, 118 ಕಿಲೋ ತೂಕ. ದಸರಾ ಆನೆ ನೋಡಿ ಬೆಳೆದ ನೀವೂ ಇಂಥದ್ದನ್ನು ನೋಡಿರಲಿಕ್ಕಿಲ್ಲ.

ಇದು ಇಲ್ಲಿಗೆ ಹೇಗೆ ಬಂತು ಅಂತ ಕೇಳಿದರೆ ಕಥೆ ನಿಮ್ಮೂರಿನ ಪಕ್ಕಕ್ಕೇ ಬರುತ್ತದೆ. ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವ್ 1798ರಿಂದ ಮದ್ರಾಸಿನ ಗವರ್ನರ್. 1799ರಲ್ಲಿ ಟಿಪ್ಪು ಸತ್ತು ಶ್ರೀರಂಗಪಟ್ಟಣ ಬಿದ್ದಾಗ ಅವನೇ ಅಧಿಕಾರದಲ್ಲಿದ್ದ. ಮರುವರ್ಷ ಅವನ ಹೆಂಡತಿ ಹೆನ್ರಿಯೆಟಾ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮದ್ರಾಸಿನಿಂದ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ಸುತ್ತಿ ಬಂದಳು. ಇಂಡಿಯಾದಲ್ಲಿದ್ದಾಗ ಅವಳು ಕೂಡಿಹಾಕಿದ ವಸ್ತುಗಳಲ್ಲಿ ಈ ಕವಚವೂ ಒಂದು. 1801ರಲ್ಲಿ ಅದು ಹಡಗಿನಲ್ಲಿ ಬ್ರಿಟನ್ನಿಗೆ ಬಂತು, ವೇಲ್ಸ್‌ನ ಪೋವಿಸ್ ಕೋಟೆಯಲ್ಲಿ ಬಹಳ ಕಾಲ ಇತ್ತು. ಟಿಪ್ಪುವಿನ ಡೇರೆ ಈಗಲೂ ಆ ಕೋಟೆಯಲ್ಲೇ ಇದೆ. ನೋಡಿ ಬೆರಗೂ ಆಗುತ್ತದೆ, ಹೊಟ್ಟೆಯೊಳಗೆ ಒಂಥರಾ ಸಂಕಟವೂ ಆಗುತ್ತದೆ. ಎರಡೂ ಸಹಜ.

ಕ್ರಿಕೆಟ್ಟಿಗೆ ಹೆಡಿಂಗ್ಲಿ. 2002ರ ಆಗಸ್ಟಿನಲ್ಲಿ ಮೋಡ ಮುಸುಕಿ ಚೆಂಡು ಹಾವಿನ ಹಾಗೆ ಹೊರಳುತ್ತಿದ್ದ ಪಿಚ್ಚಿನಲ್ಲಿ ನಮ್ಮ ರಾಹುಲ್ ದ್ರಾವಿಡ್ 148 ಹೊಡೆದ ಮೈದಾನ. ತೆಂಡೂಲ್ಕರ್ 193, ಗಂಗೂಲಿ 128 ಹೊಡೆದರು. ಭಾರತ ಒಂದು ಇನ್ನಿಂಗ್ಸ್ ಮತ್ತು 46 ರನ್ನಿನಿಂದ ಗೆದ್ದಿತು. ಪಂದ್ಯಶ್ರೇಷ್ಠ ದ್ರಾವಿಡ್ಡೇ. ಮಂಗಳೂರಿನಲ್ಲಿ ಬೆಳೆದ ಕೆ.ಎಲ್. ರಾಹುಲ್ 2025ರ ಜೂನ್‌ನಲ್ಲಿ ಇಲ್ಲೇ 137 ಹೊಡೆದ, ಆ ಪಂದ್ಯ ಮಾತ್ರ ಸೋತೆವು. ಸೆಪ್ಟೆಂಬರಿನಲ್ಲಿ ಕೌಂಟಿ ಪಂದ್ಯಗಳಿರುತ್ತವೆ. ಟಿಕೆಟ್ ಅಗ್ಗ, ಜನ ಕಡಿಮೆ, ಎಲ್ಲಿ ಬೇಕಾದರೂ ಕೂರಬಹುದು. ಯಜಮಾನರನ್ನು ಒಂದು ಮಧ್ಯಾಹ್ನ ಅಲ್ಲಿ ಬಿಟ್ಟು ನೀವು ಪಕ್ಕದ ಚಾರಿಟಿ ಅಂಗಡಿಗಳ ಕಡೆ ಹೋಗಿ. ಇಬ್ಬರಿಗೂ ನೆಮ್ಮದಿ.

ಚಿತ್ರ, ಶಿಲ್ಪ ಇಷ್ಟವಾದರೆ ಟೌನ್ ಹಾಲ್ ಪಕ್ಕದ ಲೀಡ್ಸ್ ಆರ್ಟ್ ಗ್ಯಾಲರಿ. ಅದೂ ಪುಕ್ಕಟೆ. ಬಾಗಿಲಲ್ಲೇ ಹೆನ್ರಿ ಮೂರ್‌ನ ಒರಗಿ ಮಲಗಿದ ಹೆಂಗಸಿನ ಕಂಚಿನ ಶಿಲ್ಪ ಇದೆ. ಮೂರ್ ಪಕ್ಕದ ಕ್ಯಾಸಲ್‌ಫರ್ಡ್‌ನವನು, ಲೀಡ್ಸ್ ಕಲಾಶಾಲೆಯಲ್ಲಿ ಓದಿದವನು. ಗ್ಯಾಲರಿಗಿಂತ ಅತ್ತೆಗೆ ಹಿಡಿಸುವುದು ಅದರೊಳಗಿನ ಟೈಲ್ಡ್ ಹಾಲ್ ಕೆಫೆ. 1884ರಲ್ಲಿ ಗ್ರಂಥಾಲಯದ ಓದುವ ಕೋಣೆಯಾಗಿ ಕಟ್ಟಿದ್ದು. ಗೋಡೆ, ಕಂಬ, ಕಮಾನು ಎಲ್ಲ ಬಣ್ಣದ ಹೆಂಚು. 1950ರ ದಶಕದಲ್ಲಿ ಇದು ಹಳೇ ಫ್ಯಾಶನ್ ಅಂತ ಸುಳ್ಳು ಚಾವಣಿ ಹಾಕಿ ಮುಚ್ಚಿಬಿಟ್ಟಿದ್ದರು. 2007ರಲ್ಲಿ ಅದನ್ನೆಲ್ಲ ಕಿತ್ತು ಮತ್ತೆ ತೆರೆದರು. ಟೀ ಕುಡಿಯುತ್ತಾ ಎಷ್ಟು ಹೊತ್ತು ಕೂತರೂ ಎಬ್ಬಿಸುವವರಿಲ್ಲ.

ಸಂಜೆಗೆ ಗ್ರ್ಯಾಂಡ್ ಥಿಯೇಟರ್ ಇದೆ, 1878ರದ್ದು, ಒಪೆರಾ ನಾರ್ತ್ ತಂಡದ ಮನೆ. ಕಥೆ ಗೊತ್ತಿಲ್ಲದ ಒಪೆರಾಗೆ ಮೂರು ಗಂಟೆ ಕೂರುವುದು ಕಷ್ಟ ಅನ್ನಿಸಿದರೆ ಸಿಟಿ ವೆರೈಟೀಸ್‌ಗೆ ಹೋಗಿ. 1865ರ ಪುಟ್ಟ ಮ್ಯೂಸಿಕ್ ಹಾಲ್, ಅಂದರೆ ಹಾಡು, ಕುಣಿತ, ಹಾಸ್ಯದ ಥಿಯೇಟರ್, ಚಾರ್ಲಿ ಚಾಪ್ಲಿನ್ ಹುಡುಗನಾಗಿದ್ದಾಗ ಕುಣಿದ ವೇದಿಕೆ. ಹಾಡೋ ಹಾಸ್ಯವೋ ಏನಾದರೂ ಇದ್ದೇ ಇರುತ್ತದೆ.

ಊರ ಹೊರಗೆ ಒಂದು ದಿನ ಅಂದರೆ ನನ್ನ ಮಾತು ಕೇಳಿ, ಸಾಲ್ಟೇರ್‌ಗೆ ಹೋಗಿ. ರೈಲಿನಲ್ಲಿ ಕಾಲು ಗಂಟೆಯ ದಾರಿ. ಟೈಟಸ್ ಸಾಲ್ಟ್ ಎಂಬ ಗಿರಣಿ ಮಾಲೀಕ 1853ರಲ್ಲಿ ಇಲ್ಲಿ ಅಲ್ಪಾಕಾ ಉಣ್ಣೆಯ ಭಾರೀ ಗಿರಣಿ ತೆರೆದ. ಸುತ್ತ ಕೆಲಸಗಾರರಿಗೆ ಮನೆ, ಶಾಲೆ, ಆಸ್ಪತ್ರೆ ಕಟ್ಟಿಸಿದ. ಹೆಂಡದಂಗಡಿಗೆ ಮಾತ್ರ ಜಾಗ ಕೊಡಲಿಲ್ಲ. ಇಡೀ ಊರೇ ಈಗ ಯುನೆಸ್ಕೊ ಪಟ್ಟಿಯಲ್ಲಿದೆ. ಗಿರಣಿಯೊಳಗೆ ಡೇವಿಡ್ ಹಾಕ್ನಿಯ ಚಿತ್ರಗಳು, ಪುಸ್ತಕದಂಗಡಿ, ಊಟ. ಹಾಕ್ನಿ ಪಕ್ಕದ ಬ್ರಾಡ್‌ಫರ್ಡ್‌ನಲ್ಲಿ ಹುಟ್ಟಿದವನು. ಒಳಗೆ ಹೋಗಲು ಟಿಕೆಟ್ ಇಲ್ಲ. ಹೇರ್‌ವುಡ್ ಹೌಸ್ ಎಂಬ ಶ್ರೀಮಂತರ ಬಂಗಲೆಗೆ 36ನೇ ನಂಬರಿನ ಬಸ್ ಹೋಗುತ್ತದೆ. ತೋಟ, ಚಿಪೆಂಡೇಲ್ ಪೀಠೋಪಕರಣ ಚೆನ್ನಾಗಿವೆ. ಆದರೆ ಟಿಕೆಟ್ ದುಬಾರಿ, ನಡಿಗೆ ಜಾಸ್ತಿ. ಆ ಮನೆ ಎದ್ದದ್ದು ಕೆರಿಬಿಯನ್ ಗುಲಾಮರು ದುಡಿದ ಸಕ್ಕರೆಯ ದುಡ್ಡಿನಿಂದ, ಅದನ್ನು ಈಗ ಅವರೇ ಹೇಳಿಕೊಳ್ಳುತ್ತಾರೆ. ಯಾರ್ಕ್ ನೋಡದೆ ಹೋದರೆ ಊರಿನವರು ಸುಮ್ಮನೆ ಬಿಡಲ್ಲ ಅನ್ನುವುದಾದರೆ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ, ಬೆಳಿಗ್ಗೆ ಹೋಗಿ ಸಂಜೆಗೆ ಬನ್ನಿ. ಮ್ಯಾಂಚೆಸ್ಟರ್ ಈ ಸಲ ಬಿಡಿ. ಅತ್ತೆಗೆ ಸುಸ್ತಾದ ದಿನ ಎಲ್ಲಿಗೂ ದೂರ ಬೇಡ. ಬಸ್ಸಿನಲ್ಲಿ ಕರ್ಕ್‌ಸ್ಟಾಲ್ ಅಬ್ಬೆಗೆ ಹೋಗಿ. 1152ರ ಸನ್ಯಾಸಿಗಳ ಮಠ, ಈಗ ಚಾವಣಿಯಿಲ್ಲದ ಕಲ್ಲು ಗೋಡೆಗಳು. ಪಕ್ಕದಲ್ಲಿ ಹೊಳೆ, ಸುತ್ತ ಹುಲ್ಲು. ಕುರಿ ಸಾಕಿ ಉಣ್ಣೆ ಮಾರುವ ದಂಧೆಯನ್ನು ಈ ಕಡೆ ಬೆಳೆಸಿದವರಲ್ಲಿ ಇಂಥ ಮಠದವರೂ ಇದ್ದರು.

ದಿನ ಹೊಂದಿಸುವಾಗ ಇಷ್ಟು ನೋಡಿಕೊಳ್ಳಿ. ಭಾನುವಾರ ಕರ್ಕ್‌ಗೇಟ್ ಮಾರ್ಕೆಟ್ ಇಲ್ಲ, ದೊಡ್ಡ ಅಂಗಡಿಗಳು ಆರು ಗಂಟೆ ಹೊತ್ತು ಮಾತ್ರ ತೆರೆದಿರುತ್ತವೆ. ಸೋಮವಾರ ಆರ್ಟ್ ಗ್ಯಾಲರಿ ಮುಚ್ಚಿರುತ್ತದೆ, ಆರ್ಮರೀಸ್‌ಗೂ ಸೋಮವಾರ ಬಿಟ್ಟು ಬೇರೆ ದಿನ ಹೋಗುವುದು ಕ್ಷೇಮ. ಹಾಗಾಗಿ ಸಾಲ್ಟೇರ್ ಭಾನುವಾರಕ್ಕೆ, ಯಾರ್ಕ್‌ಗೆ ಹೋಗುವುದಾದರೆ ಅದು ಸೋಮವಾರಕ್ಕೆ ಬರುವಂತೆ ಮಾಡಿ. ಲೀಡ್ಸ್‌ನಲ್ಲಿ ಮೆಟ್ರೋ ಇಲ್ಲ, ಬಸ್ಸೇ ಗತಿ, ಡ್ರೈವರ್ ಪಕ್ಕದ ಯಂತ್ರಕ್ಕೆ ಕಾರ್ಡ್ ತಾಗಿಸಿದರೆ ಆಯಿತು. ನೀವು ಮ್ಯಾಂಚೆಸ್ಟರ್ ಏರ್‌ಪೋರ್ಟಿಗೆ ಇಳಿದರೆ ಅಲ್ಲಿಂದಲೇ ಲೀಡ್ಸ್‌ಗೆ ನೇರ ರೈಲಿದೆ, ಒಂದೂವರೆ ಗಂಟೆ. ಲಂಡನ್ನಿಗೆ ಇಳಿದರೆ ಕಿಂಗ್ಸ್ ಕ್ರಾಸ್ ಸ್ಟೇಷನ್ನಿನಿಂದ ಎರಡೂಕಾಲು ಗಂಟೆ. ಆ ಟಿಕೆಟ್ಟನ್ನು ಮಗನಿಗೆ ಹೇಳಿ ಈಗಲೇ ತೆಗೆಸಿ. ಹೊರಡುವ ದಿನ ಕೊಂಡರೆ ಜೇಬಿಗೆ ಕತ್ತರಿ. ಕೊಡೆ ತರಬೇಡಿ, ಇಲ್ಲಿನ ಗಾಳಿಗೆ ಅದು ತಿರುಗಿ ಮುರಿಯುತ್ತದೆ. ಟೋಪಿ ಇರುವ ಮಳೆ ಜಾಕೆಟ್ಟು ಸಾಕು, ಅದು ಮಾರ್ಕೆಟ್ಟಿನಲ್ಲೂ ಸಿಗುತ್ತದೆ.